ತೊಲೆಗೆ ಕಟ್ಟಿದ ಕಾಯಿ

ಹೋದ ವಾರ ತೋಡೂರಿನ ಬಲೆಮನೆಯಲ್ಲಿ ಮಕ್ಕಳ ಫುಟ್ಬಾಲ್ ಪ್ರಾಕ್ಟೀಸು ಮುಗಿಸಿ ಬಂದು ತಲೆ ಒರೆಸಿಕೊಳ್ಳುತ್ತಿದ್ದೆ. ಹೊರಗೆ ಮಳೆ ಬಿಟ್ಟು ಬಿಟ್ಟು ಹೊಡೆಯುತ್ತಿತ್ತು. ಹುಡುಗರೆಲ್ಲ ಒದ್ದೆ ಬೂಟುಗಳನ್ನು ಗೋಡೆಗೆ ಒರಗಿಸಿಟ್ಟು ಮನೆಗೆ ಓಡಿದ್ದರು. ನಮಿತಾ ಎಂಬ ಹುಡುಗಿ ಮಾತ್ರ ಉಳಿದುಕೊಂಡು, ಹಳೇ ಬನಿಯನ್ನಿನ ಚೂರಿಗೆ ತಾರ್ಲೆ ಮೀನಿನ ಎಣ್ಣೆ ಅದ್ದಿ ತನ್ನ ಬೂಟಿಗೆ ತಿಕ್ಕುತ್ತಿದ್ದಳು. ದೋಣಿಗೆ ಹಚ್ಚಿ ಉಳಿದ ಎಣ್ಣೆಯನ್ನು ಬೂಟಿಗೆ ತಿಕ್ಕುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಚರ್ಮ ನೀರು ಕುಡಿಯುವುದಿಲ್ಲ, ಬಿರಿಯುವುದಿಲ್ಲ. ನಾತ ಮಾತ್ರ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುವಂಥದ್ದು. ನನಗೆ ಆ ನಾತ ಬಂದರೆ ಒಂದೇ ಒಂದು ಮಳೆಗಾಲ ನೆನಪಾಗುತ್ತದೆ, ನೆನಪಾದಾಗೆಲ್ಲ ಸಿಟ್ಟು ಬರುತ್ತದೆ.

"ದಾದಾ, ನನ್ನ ಕಾಯಿ ಬಿಚ್ಚಿ ಕೊಡ್ತ್ರಾ?" ಎಂದಳು, ತಲೆ ಎತ್ತದೆ. "ಭಾವಿಕೇರಿಯವ್ರು ಹುಡ್ಗೀರ ಟೀಮ್ ಮಾಡ್ತ್ರಂತೆ. ನಂಗೆ ಕರೆದಾರೆ."

"ನೋಡುವಾ," ಎಂದು ಹೇಳಿ ಛತ್ರಿ ಹುಡುಕುವವನ ಹಾಗೆ ಹೊರಗೆ ಬಂದುಬಿಟ್ಟೆ. ಛತ್ರಿ ನನ್ನ ಕೈಯಲ್ಲೇ ಇತ್ತು.

ಕಾಯಿಯ ವಿಷಯ ಹೊರಗಿನವರಿಗೆ ಹೇಳಿದರೆ ನಗುತ್ತಾರೆ. ಬಲೆಮನೆ ಎಂದರೆ ಬಲೆ ಹೆಣೆಯುವ, ಹರಿದದ್ದನ್ನು ಸರಿಮಾಡುವ ದೊಡ್ಡ ತಗಡಿನ ಶೆಡ್ಡು. ನಮ್ಮ ಕ್ಲಬ್ಬಿನ ಆಫೀಸೂ ಅದೇ. ಅದರ ತೊಲೆಗೆ ಸಾಲಾಗಿ ತೆಂಗಿನಕಾಯಿ ತೂಗುತ್ತಿರುತ್ತವೆ. ಹೊಸಬರೊಬ್ಬರು ಕ್ಲಬ್ಬಿಗೆ ಸೇರಿದಾಗ ಅವರ ಪರವಾಗಿ ನಿಲ್ಲುವ ಹಿರಿಯರೊಬ್ಬರು ಜುಟ್ಟಿನ ಕಾಯಿಯೊಂದನ್ನು ದೇವರ ಮುಂದೆ ಇಟ್ಟು, ದೋಣಿಯ ಬಣ್ಣದಲ್ಲಿ ಅದರ ಮೇಲೆ ಹೆಸರು ಬರೆದು, ಬಲೆಯ ದಾರದಿಂದ ತೊಲೆಗೆ ಕಟ್ಟುತ್ತಾರೆ. ಕಾಯಿ ಅಲ್ಲಿರುವ ತನಕ ಆ ಕಾಲು ಬೇರೆ ಊರಿಗಾಗಿ ಚೆಂಡು ಒದೆಯುವಂತಿಲ್ಲ. ಹೋಗಬೇಕೆಂದರೆ ಕಟ್ಟಿದವರೇ ಬಿಚ್ಚಿ ಕೊಡಬೇಕು, ಮತ್ತೊಬ್ಬರು ಮುಟ್ಟುವ ಹಾಗಿಲ್ಲ. ಟೂರ್ನಮೆಂಟಿನವರು ಫೋಟೋ ಕೇಳುತ್ತಾರೆ, ಕಾರ್ಡು ಕೇಳುತ್ತಾರೆ, ಸಹಿ ಕೇಳುತ್ತಾರೆ. ನಮ್ಮವರು ಅದಕ್ಕೆಲ್ಲ ಹೆದರುವವರಲ್ಲ, ಕಾಯಿಗೆ ಹೆದರುತ್ತಾರೆ.

ನನ್ನ ಕಾಯಿ ಕಟ್ಟಿದವರು ಶಾಂತಾರಾಮ ಮಾಸ್ತರು. ನಮ್ಮ ಮೀನುಗಾರರ ಪೈಕಿಯವರೇ, ಶಾಲೆಯಲ್ಲಿ ಆಟದ ಮಾಸ್ತರಾಗಿದ್ದು ರಿಟೈರಾದವರು. ಹದಿನೈದನೇ ವಯಸ್ಸಿನಲ್ಲಿ ನನ್ನ ಬಲಗಾಲಿಗೆ ಬೂಟು ಹಾಕಗೊಡದೆ ಒಂದು ಮಳೆಗಾಲ ಪೂರ್ತಿ ಎಡಗಾಲಿನಲ್ಲಷ್ಟೇ ಒದೆಸಿದ್ದರು. ನಾನು ಆಟಗಾರನಾದದ್ದು ಆ ಎಡಗಾಲಿನಿಂದ. ಅಪ್ಪ ಹುಟ್ಟಿಸಿದ್ದು ಬಿಟ್ಟರೆ ಉಳಿದದ್ದೆಲ್ಲ ಅವರು ಮಾಡಿದ್ದು ಎಂದರೂ ತಪ್ಪಿಲ್ಲ.

ನಾನು ಹೇಳುತ್ತಿರುವ ಮಳೆಗಾಲದಲ್ಲಿ ನನಗೆ ಇಪ್ಪತ್ತೊಂದು. ಮೀನುಗಾರಿಕೆಗೆ ಸರಕಾರದ ನಿಷೇಧ ಬಿದ್ದು ದೋಣಿಗಳೆಲ್ಲ ಬಂದರಿನಲ್ಲಿ ಟಾರ್ಪಾಲು ಹೊದ್ದು ಕೂತಿದ್ದವು. ನಮ್ಮದು ನೌಕಾನೆಲೆಗೆ ಕಡಲದಂಡೆಯ ಊರು ಬಿಟ್ಟುಕೊಟ್ಟು ತೋಡೂರಿಗೆ ಬಂದ ಸಂಸಾರ. ಹಿಂದೆ ಗುಡ್ಡ, ಮುಂದೆ ಹೆದ್ದಾರಿ, ಕಿಟಕಿ ತೆರೆದರೆ ಎದುರುಮನೆಯ ಕಿಟಕಿ. ಸಮುದ್ರ ಕಾಣುವುದಿಲ್ಲ. ಜೋರು ಗಾಳಿ ಬಂದ ದಿನ ಕೇಳುತ್ತದೆ, ಅಷ್ಟೇ. ಕೆಲಸವಿಲ್ಲದ ಗಂಡಸರು ಬೆಳಿಗ್ಗೆಯಿಂದ ಬಲೆಮನೆಯಲ್ಲಿ ಬಲೆ ಮಡಿಲಲ್ಲಿಟ್ಟುಕೊಂಡು ಹರಿದದ್ದನ್ನು ಹೆಣೆಯುತ್ತ ಫುಟ್ಬಾಲು ಮಾತಾಡುತ್ತಿದ್ದರು. ಕೈಗೊಂದು ಕೆಲಸ, ಬಾಯಿಗೊಂದು ಕೆಲಸ.

ಕ್ಲಬ್ಬಿನ ಹೆಸರು ದೋಣಿಕಟ್ಟೆ ಬಾಯ್ಸ್. ಬಾಯ್ಸ್‌ಗಳಲ್ಲಿ ಅರ್ಧ ಜನಕ್ಕೆ ಮೊಮ್ಮಕ್ಕಳಿದ್ದರು. ಟಿವಿಯಲ್ಲಿ ವಿಲಾಯತಿ ಕ್ಲಬ್ಬುಗಳ ಆಟ ನೋಡಿ ಕೆಂಪಂಗಿಯವರು, ನೀಲಿಯಂಗಿಯವರು ಎಂದು ಎರಡು ಪಂಗಡ ಬೇರೆ. ಯಾವ ಕ್ಲಬ್ಬು ಯಾವ ಆಟಗಾರನಿಗೆ ಎಷ್ಟು ಕೋಟಿ ಸುರಿಯಿತು ಎಂಬುದು ಹೆಂಡತಿಯ ಔಷಧದ ಹೆಸರಿಗಿಂತ ಚೆನ್ನಾಗಿ ಗೊತ್ತಿತ್ತು. ಆ ಜಗಳ ಸುತ್ತಿ ಸುತ್ತಿ ನಮ್ಮ ಅಂಗಳಕ್ಕೇ ಬಂದು ನಿಲ್ಲುತ್ತಿತ್ತು. ಗೋವಾದಿಂದ ಬಾಡಿಗೆಗೆ ಆಟಗಾರರನ್ನು ತರುವುದೋ, ನಮ್ಮ ಪೋರರನ್ನೇ ಬೆಳೆಸುವುದೋ?

ತರಬೇಕು ಎನ್ನುವವರ ಮುಖಂಡ ಕ್ಲಬ್ಬಿನ ಅಧ್ಯಕ್ಷ ತಾಂಡೇಲ. ತಾಂಡೇಲ ಎಂದರೆ ದೋಣಿಯ ಯಜಮಾನಿಕೆ ನೋಡುವವ. ನನ್ನ ಅಪ್ಪ ದುಡಿಯುತ್ತಿದ್ದದ್ದು ಅವನ ದೋಣಿಯಲ್ಲೇ. ಪ್ರತಿ ಸಲ ಮೀನು ಹಿಡಿದು ಬಂದಾಗ ಒಂದು ಪಾಲು ಕ್ಲಬ್ಬಿಗೆಂದು ತೆಗೆದಿಡುವ ಪದ್ಧತಿ ಹಾಕಿದವನೂ ಅವನೇ. ಹಾಗಾಗಿ ಅವನ ಮಾತಿಗೆ ತೂಕ.

"ಮೂರು ವರ್ಷಾತು ಭಾವಿಕೇರಿಯವ್ರ ಕೈಲಿ ಸೋಲೂದು," ಎನ್ನುತ್ತಿದ್ದ ತಾಂಡೇಲ. "ಅಂಕೋಲೆ ಮೀನಪೇಟೆಲಿ ನಂಗೆ ಮೋರೆ ಎತ್ತೂಕೆ ಆಗೂದಿಲ್ಲ ಮಾರಾಯ್ರೆ. ಬುಟ್ಟಿ ಹೊತ್ತ ಹೆಂಗ್ಸರೂ ಕೇಳ್ತ್ರು, ತಾಂಡೇಲ್ರೇ ಈ ವರ್ಷ ಎಷ್ಟು ಗೋಲು ತಿಂದ್ರಿ ಅಂತ."

"ದುಡ್ಡು ಸುರ್ದು ಕಪ್ಪು ತಂದ್ರೆ ಅದು ಅವ್ರ ಕಪ್ಪು, ನಮ್ದಲ್ಲ," ಎನ್ನುವರು ಮಾಸ್ತರು, ಬಲೆಯಿಂದ ಕಣ್ಣೆತ್ತದೆ. "ಆಟ ಮುಗ್ದ ಕೂಡ್ಲೆ ಅವ್ರು ಬಸ್ ಹತ್ತಿ ಹೋತ್ರು. ಮುಂದಿನ ವರ್ಷ ಮತ್ತೆ ಪಾಲು ಎತ್ತೂದಾ? ಅದೇ ದುಡ್ಡಲ್ಲಿ ಹತ್ತು ಪೋರಗೋಳಿಗೆ ಬೂಟ್ ಬತ್ತದೆ."

"ಬೂಟ್ ಹಾಕ್ದವ್ರೆಲ್ಲ ಗೋಲ್ ಹೊಡಿತ್ರಾ?"

"ಇಂವ ಹೊಡೀತಾ," ಎಂದು ಮಾಸ್ತರು ನನ್ನತ್ತ ಬಲೆಸೂಜಿ ತೋರಿಸುವರು. "ಇಂವಂಗೆ ಇನ್ನೊಂದು ವರ್ಷ ಕೊಡಿ, ಸಾಕು."

ನಾನು ಅಲ್ಲೇ, ಅವರ ನಡುವೆ, ಅದೇ ಬಲೆಯ ಇನ್ನೊಂದು ಅಂಚನ್ನು ಹಿಡಿದು ಕೂತಿರುತ್ತಿದ್ದೆ. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡಿ ಮಾತಾಡುವ ಹಾಗೆ ಮಾತಾಡುವರು. ಎಡಗಾಲು ಗಟ್ಟಿಯಂತೆ, ತಲೆ ಚೆಂಡಿಗೆ ಹೋಗುವುದಿಲ್ಲವಂತೆ, ಮೈಯಲ್ಲಿ ಮಾಂಸ ಬರಬೇಕಂತೆ. ನಿನಗೇನು ಬೇಕು ಎಂದು ಕೇಳಿದವರು ಒಬ್ಬರೂ ಇಲ್ಲ.

ಜಗಳದಲ್ಲಿ ಗೆದ್ದದ್ದು ತಾಂಡೇಲ. ಜುಲೈ ಬರುವಷ್ಟರಲ್ಲಿ ಗೋವಾದಿಂದ ಮೂವರು ಬಂದರು. ಅವರಲ್ಲಿ ಮುಂದೆ ಆಡುವವನ ಹೆಸರು ಆಗ್ನೆಲ್. ಅಂದರೆ ನನ್ನ ಜಾಗದವನು. ಅವನಿಗೆ ಉಳಿದುಕೊಳ್ಳಲು ತಾಂಡೇಲ ಗೊತ್ತುಮಾಡಿದ್ದು ನಮ್ಮ ಮನೆ! ಅಪ್ಪ ಇಲ್ಲವೆನ್ನುವುದು ಹೇಗೆ? ನನ್ನ ಹಾಸಿಗೆ ಅವನಿಗಾಯಿತು, ನಾನು ಅಡುಗೆಮನೆಯ ಬಾಗಿಲಿಗೆ ಬಂದೆ. ಆಯಿ, ಅಂದರೆ ನಮ್ಮಮ್ಮ, ಅವನಿಗೆ ಒಣಸಿಗಡಿ ಚಟ್ನಿ ಹೆಚ್ಚು ಬಡಿಸಿ, "ಹೊರಗಿನ ಹುಡ್ಗ, ಪಾಪ," ಎನ್ನುವಳು. ಅವನನ್ನು ದ್ವೇಷಿಸಬೇಕೆಂದು ನಾನು ಬಹಳ ಪ್ರಯತ್ನಪಟ್ಟೆ. ಆಗಲಿಲ್ಲ. ಅವನು ಬಾವಿಯಿಂದ ನೀರು ಸೇದಿಕೊಡುತ್ತಿದ್ದ, ಅಪ್ಪನ ಜೊತೆ ಇಸ್ಪೀಟಿನಲ್ಲಿ ಬೇಕೆಂದೇ ಸೋಲುತ್ತಿದ್ದ. ಸಂಜೆ ಖಾಲಿ ಮೈದಾನಕ್ಕೆ ನನ್ನನ್ನು ಕರೆದೊಯ್ದು, ಚೆಂಡು ಮೂಲೆಯಿಂದ ಬರುವಾಗ ಹತ್ತಿರದ ಕಂಬದತ್ತ ಹೇಗೆ ಓಡಬೇಕು, ಹಿಂದಿನವನ ಭುಜಕ್ಕಿಂತ ಒಂದು ಹೆಜ್ಜೆ ಮೊದಲು ಹೇಗೆ ಜಿಗಿಯಬೇಕು ಎಂದು ನೂರು ಸಲ ಮಾಡಿಸಿದ. ನನ್ನ ತಲೆ ಚೆಂಡಿಗೆ ಹೋಗಲು ಕಲಿತದ್ದು ಹಾಗೆ, ನನ್ನ ಜಾಗ ಕಿತ್ತುಕೊಂಡವನಿಂದ.

ಇಷ್ಟರಲ್ಲಿ ಭಾವಿಕೇರಿಯಿಂದ ನನ್ನ ಸೋದರಮಾವ ಬಂದ. ಆಯಿಯ ತವರು ಅದೇ. ಮಳೆಯಲ್ಲಿ ನೆನೆದು ಬಂದವನು ಚಹಾ ಕೂಡ ಕುಡಿಯದೆ ವಿಷಯ ಹೇಳಿದ. ಕಾರವಾರದ ಟೂರ್ನಮೆಂಟಿನ ಫೈನಲ್ ನೋಡಲು ಒಂದು ಇಲಾಖೆಯ ತಂಡಕ್ಕೆ ಹುಡುಗರನ್ನು ಆರಿಸುವವರು ಬರುತ್ತಾರೆ. ಆಯ್ಕೆಯಾದರೆ ಆಟದ ಜೊತೆಗೆ ನೌಕರಿ. ಇಪ್ಪತ್ತೊಂದು ದಾಟಿದವರನ್ನು ತೆಗೆದುಕೊಳ್ಳುವುದಿಲ್ಲ. ಭಾವಿಕೇರಿಯವರಿಗೆ ಮುಂದೆ ಆಡಲು ಒಬ್ಬ ಬೇಕು.

"ನಿನ್ನೂರಲ್ಲಿ ನಿನ್ನ ಬೆಂಚ್ ಮ್ಯಾನೆ ಕೂಡ್ಸಿ ಇಡ್ತ್ರು. ನಮ್ಮಲ್ಲಿ ಬಾ, ಎಲ್ಲಾ ಮ್ಯಾಚೂ ಆಡ್ಸ್ತೆ," ಎಂದ ಮಾವ. "ಕಾಯಿ ಒಂದು ಬಿಡ್ಸ್ಕಂಡು ಬಾ, ತಮಾ."

ಅಪ್ಪ ಸೋರುವ ಹಂಚಿನ ಕೆಳಗೆ ಪಾತ್ರೆ ಇಡುತ್ತಿದ್ದ. ಕೊನೆಗೆ, "ಮಾಸ್ತರ್ ಹೇಳ್ದಾಂಗೆ ಕೇಳು," ಎಂದನಷ್ಟೆ.

ನಾನು ಮೊದಲು ತಾಂಡೇಲನ ಹತ್ತಿರ ಹೋದೆ. ಕೆಂಡಾಮಂಡಲವಾಗುತ್ತಾನೆ ಎಂದುಕೊಂಡಿದ್ದೆ. ಅವನು ನಕ್ಕುಬಿಟ್ಟ. "ಹೋಗ್ ಮಾರಾಯಾ. ನೀ ಹೋದ್ರೆ ನಂಗೆ ಎಂತಾ ನಷ್ಟ? ಆಗ್ನೆಲ್ ಇದ್ದಾ ಅಲಾ. ಮಾಸ್ತರ್ಗೆ ಹೇಳಿ ಕಾಯಿ ಬಿಚ್ಸ್ಕ." ಆ ನಗುವಿನಿಂದ ಅವಮಾನವಾಯಿತು, ಆದರೂ ಕುಣಿದುಕೊಂಡೇ ಮಾಸ್ತರ ಮನೆಗೆ ಹೋದೆ. ಅವರು ಎಂದಾದರೂ ನನಗೆ ಇಲ್ಲವೆಂದವರೇ?

ಮಾಸ್ತರು ಇಲ್ಲವೆಂದರು.

ಅವರ ಮುಖ ಹಾಗೆ ಬಿಗಿದದ್ದನ್ನು ನಾನು ಹಿಂದೆ ಕಂಡಿರಲಿಲ್ಲ. "ನಾ ಇಡೀ ಮಳೆಗಾಲ ಬಾಯಿ ಬಡ್ಕಂಡದ್ದು ಎಂತಕ್ಕೆ? ನಮ್ಮ ಪೋರಗೋಳ್ನ ಬೆಳ್ಸಬೇಕು ಅಂತಲ್ಲಾ? ಬೆಳ್ಸಿ ಭಾವಿಕೇರಿಯವ್ರಿಗೆ ಕೊಟ್ರೆ ತಾಂಡೇಲ ನನ್ನ ಮೋರೆ ಮ್ಯಾನೆ ಉಗೀತಾ. ಒಂದ್ ವರ್ಷ ತಡಿ, ತಮಾ."

"ಮುಂದಿನ ವರ್ಷ ನನ್ನ ವಯಸ್ಸು ಮೀರ್ತದೆ, ಮಾಸ್ತರೇ."

"ಈ ವರ್ಷಾನೇ ಆಡ್ಸ್ತೆ. ನಾ ಹೇಳ್ತೆ ತಾಂಡೇಲಂಗೆ. ನನ್ನ ಮ್ಯಾನೆ ಭರೋಸ ಇಲ್ವಾ?"

ಭರೋಸ ಇತ್ತು. ಅದೇ ಕಷ್ಟ. ನನ್ನನ್ನು ಬೇಡವೆಂದವನು ಬಾಗಿಲು ತೆಗೆದು ನಿಂತಿದ್ದ, ಬೇಕೆಂದವರು ಚಿಲಕ ಹಾಕಿದರು. ಯಾರ ಮೇಲೆ ರೇಗಬೇಕು ಎಂಬುದೇ ತಿಳಿಯದೆ ನಾಲ್ಕು ದಿನ ಮನೆಯ ನಾಯಿಯ ಮೇಲೆ ರೇಗಿದೆ.

ಐದನೇ ದಿನ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಹೊತ್ತು ನೋಡಿ ಬಲೆಮನೆಗೆ ನುಗ್ಗಿದೆ. ತಗಡಿನ ಮೇಲೆ ಮಳೆಯ ಸದ್ದಿಗೆ ನನ್ನ ಉಸಿರು ನನಗೇ ಕೇಳುತ್ತಿರಲಿಲ್ಲ. ರಾಶಿ ಹಾಕಿದ್ದ ದೊಡ್ಡ ಬಲೆಯ ಮೇಲೆ ಹತ್ತಿ, ತುದಿಗಾಲಲ್ಲಿ ನಿಂತು, ನನ್ನ ಹೆಸರಿನ ಕಾಯಿಯನ್ನು ಹಿಡಿದೆ. ಗಂಟು ಬಿಚ್ಚುವಷ್ಟರಲ್ಲಿ ರಾಶಿ ಜಾರಿತು. ಒಂದು ಕಾಲು ಬಲೆಯ ಕಣ್ಣಿಯೊಳಗೆ ತೊಡೆಯವರೆಗೆ ಇಳಿಯಿತು, ಇನ್ನೊಂದು ಕಾಲಿಗೆ ಸೀಸದ ಗುಂಡುಗಳಿರುವ ಹಗ್ಗ ಸುತ್ತಿಕೊಂಡಿತು. ಕೊಸರಿದಷ್ಟೂ ಬಿಗಿಯಿತು. ಒಂದು ಕೈಯಲ್ಲಿ ಕಾಯಿ, ಇನ್ನೊಂದು ಕೈ ಬಲೆಯೊಳಗೆ. ಹುಟ್ಟಿದಾಗಿನಿಂದ ಬಲೆಯಲ್ಲೇ ಬೆಳೆದವನು ಒಣನೆಲದ ಮೇಲೆ ಬಲೆಗೆ ಬಿದ್ದಿದ್ದೆ. ಕೂಗಿ ಯಾರನ್ನಾದರೂ ಕರೆಯೋಣವೆಂದರೆ ಕೈಯಲ್ಲಿ ಕಾಯಿ ಇತ್ತು.

ಬಂದವರು ಮಾಸ್ತರು. ಬಾಗಿಲಲ್ಲಿ ನಿಂತು ನೋಡಿದರು. ಬೈಯಲಿಲ್ಲ. ನಾನೇ, "ಕತ್ತಿ ತನ್ನಿ, ಕೊಯ್ದುಬಿಡಿ," ಎಂದೆ.

"ಬಲೆ ಕೊಯ್ಯೂದಾ? ತಡಿ."

ಅವರು ನನ್ನ ಪಕ್ಕದಲ್ಲಿ ಕೂತು ಒಂದೊಂದೇ ಕಣ್ಣಿ ಬಿಡಿಸತೊಡಗಿದರು. ಎಷ್ಟು ಹೊತ್ತಾಯಿತೋ. ಅವರ ಬೆರಳು ನನ್ನ ಮೊಣಕಾಲಿನ ಹತ್ತಿರ, ಹಿಮ್ಮಡಿಯ ಹತ್ತಿರ ಮೆಲ್ಲಗೆ ಓಡಾಡುತ್ತಿದ್ದವು. ಬೆಲೆಬಾಳುವ ಮೀನನ್ನು ಗಾಯವಾಗದ ಹಾಗೆ ಬಿಡಿಸುತ್ತಾರಲ್ಲ, ಹಾಗೆ.

"ನನ್ನ ಬಿಟ್ಟುಬಿಡಿ ಮಾಸ್ತರೇ," ಎಂದೆ. ಅಳು ಬಂದಿತ್ತು. "ನೌಕರಿ ಸಿಕ್ಕಿದ್ರೆ ಅಪ್ಪ ದೋಣಿ ಕೆಲ್ಸ ಬಿಡ್ತಾ."

"ನಂಗೊತ್ತದೆ."

"ಮತ್ತೆ ಎಂತಕ್ಕೆ ಹಿಡ್ಕಂಡ್ರಿ?"

ಹಿಮ್ಮಡಿಗೆ ಸುತ್ತಿದ್ದ ಇನ್ನೊಂದು ಕಣ್ಣಿ ಬಿಡಿಸಿದರು. ಆಮೇಲೆ, "ಮೂವತ್ತು ವರ್ಷ ಶಾಲೆಲಿ ಪೋರಗೋಳ್ಗೆ ಆಟ ಕಲ್ಸಿದೆ. ನಿನ್ನಾಂಗೆ ಒಬ್ನೂ ಆಗ್ಲಿಲ್ಲ," ಎಂದರು. "ನಮ್ಮ ಅಂಗಿ ಹಾಕಂಡು ನೀ ಒಂದು ಕಪ್ಪು ಗೆದ್ದದ್ದು ನೋಡ್ಬೇಕು. ಅಷ್ಟೇಯ."

ಕಾಲು ಬಿಡಿಸಿಯಾದ ಮೇಲೆ ನನ್ನ ಕೈಯಿಂದ ಕಾಯಿ ತೆಗೆದುಕೊಂಡು, ಒರೆಸಿ, ಮತ್ತೆ ತೊಲೆಗೆ ಕಟ್ಟಿದರು. ಒಂದೂ ಕಣ್ಣಿ ಹರಿದಿರಲಿಲ್ಲ. ಈ ವಿಷಯವನ್ನು ಅವರು ಯಾರಿಗೂ ಹೇಳಲಿಲ್ಲ, ನಾನೂ ಈ ತನಕ ಹೇಳಿರಲಿಲ್ಲ.

ಫೈನಲ್ಲಿಗೆ ಬಂದದ್ದು ನಾವು ಮತ್ತು ಭಾವಿಕೇರಿ. ಕಾರವಾರದ ಮೈದಾನ ಅಂದು ನಾಟಿಗೆ ಹದಮಾಡಿದ ಗದ್ದೆಯಂತಿತ್ತು. ಆಯ್ಕೆ ಮಾಡುವವರು ಇಬ್ಬರು, ಟಾರ್ಪಾಲಿನ ಕೆಳಗೆ, ನೋಟ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದೊಳಗಿಟ್ಟು ಕೂತಿದ್ದರು. ನಾನು ಬೆಂಚಿನ ಮೇಲೆ ಕೂತು ಆಟಕ್ಕಿಂತ ಹೆಚ್ಚಾಗಿ ಆ ಚೀಲವನ್ನೇ ನೋಡುತ್ತಿದ್ದೆ. ಭಾವಿಕೇರಿಯವರು ನನಗೆಂದು ಇಟ್ಟಿದ್ದ ಜಾಗದಲ್ಲಿ ತೆಳ್ಳಗಿನ ಹುಡುಗನೊಬ್ಬ ಆಡುತ್ತಿದ್ದ. ಅವನು ಚೆಂಡು ಮುಟ್ಟಿದಾಗೆಲ್ಲ ಚೀಲದೊಳಗೆ ಪೆನ್ನು ಓಡುತ್ತಿತ್ತು.

ಅರ್ಧ ಆಟ ಮುಗಿದಾಗ ಗೋಲಿಲ್ಲ. ಆಗ್ನೆಲ್ ಕಾಲು ಉಳುಕಿಸಿಕೊಂಡು ಕುಂಟುತ್ತಿದ್ದ. ತಾನೇ ಕೈ ಸನ್ನೆ ಮಾಡಿ, ನನ್ನನ್ನು ತೋರಿಸಿ, ಇವನನ್ನು ಇಳಿಸಿ ಎಂದ. ಮಾಸ್ತರು ಗೆರೆಯುದ್ದಕ್ಕೂ ಓಡಿಬಂದು ತಾಂಡೇಲನ ಎರಡೂ ಕೈ ಹಿಡಿದುಕೊಂಡರು. ಆ ಮನುಷ್ಯ ಯಾರ ಮುಂದೆಯೂ ಕೈ ಒಡ್ಡಿದ್ದನ್ನು ನಾನು ಕಂಡಿರಲಿಲ್ಲ.

"ಇಪ್ಪತ್ತು ನಿಮಿಷ ಬಿಡೋ. ನಿನ್ನ ಕಾಲಿಗೆ ಬೀಳ್ತೆ."

"ದುಡ್ಡು ಕೊಟ್ಟು ಕರ್ಕಂಡ್ ಬಂದವನ್ನ ಕೂಡ್ಸಿ, ಮನೆ ಪೋರನ್ನ ಇಳ್ಸಿ, ಸೋತ್ರೆ? ಜನ ನಂಗೆ ಎಂತಾ ಹೇಳ್ತ್ರು ಮಾಸ್ತರೇ?" ಎಂದ ತಾಂಡೇಲ. ಆಗ್ನೆಲ್‌ನ ಕಡೆ ತಿರುಗಿ, "ನಿಂತ್ಕ ಸಾಕು!" ಎಂದು ಕೂಗಿದ.

ಅವನು ನಿಂತುಕೊಂಡ. ಆಟ ಮುಗಿಯಲು ಇನ್ನೇನು ಎನ್ನುವಾಗ ಮೂಲೆಯಿಂದ ಚೆಂಡು ಬಂತು. ಆಗ್ನೆಲ್ ಕುಂಟುತ್ತಲೇ ಹತ್ತಿರದ ಕಂಬದತ್ತ ಹೋದ, ಹಿಂದಿನವನಿಗಿಂತ ಒಂದು ಹೆಜ್ಜೆ ಮೊದಲು ಜಿಗಿದ. ನಾವು ನೂರು ಸಲ ಮಾಡಿದ್ದು ಅದನ್ನೇ. ನನ್ನ ಕುತ್ತಿಗೆ ತಾನಾಗಿ ಆ ಕಡೆ ಹೊರಳಿತು. ಗೋಲು.

ನಾವು ಗೆದ್ದೆವು. ಅದಕ್ಕಿಂತ ಕೆಟ್ಟ ಗಳಿಗೆಯನ್ನು ನಾನು ಬದುಕಿನಲ್ಲಿ ಕಂಡಿಲ್ಲ. ಸೋತಿದ್ದರೆ ಅಳಬಹುದಿತ್ತು. ಗೆದ್ದವರ ನಡುವೆ ಅಳುವ ಹಾಗಿಲ್ಲ. ಯಾರೋ ನನ್ನನ್ನು ಹೆಗಲ ಮೇಲೆ ಎತ್ತಿಕೊಂಡರು, ಯಾರೋ ಕೊರಳಿಗೆ ಪದಕ ಹಾಕಿದರು. ಅಪ್ಪ ಮಳೆಯಲ್ಲಿ ಕುಣಿಯುತ್ತಿದ್ದ. ಎಲ್ಲರೂ ಫೋಟೋಕ್ಕೆ ನಿಂತಾಗ ನನ್ನೊಬ್ಬನ ಅಂಗಿ ಮಾತ್ರ ಸ್ವಚ್ಛವಾಗಿತ್ತು. ಅಪ್ಪನಿಗೆ ಅದು ಕಂಡಿತು. ಬಗ್ಗಿ ಒಂದು ಹಿಡಿ ಕೆಸರು ತೆಗೆದು, ನಗುತ್ತ, ನನ್ನ ಎದೆಗೆ ಬಳಿದು, "ಈಗ ಸಮಾ ಆತು," ಎಂದ. ಆ ಫೋಟೋ ಬಲೆಮನೆಯಲ್ಲಿ ಇಂದಿಗೂ ಇದೆ. ನೋಡಿದವರಿಗೆ ನಾನೂ ಆಡಿದ್ದೇನೆ ಎಂದೇ ಅನಿಸುತ್ತದೆ.

ಭಾವಿಕೇರಿಯ ಆ ತೆಳ್ಳಗಿನ ಹುಡುಗನಿಗೆ ಕರೆ ಬಂತು. ಅವನು ನನಗಿಂತ ಚೆನ್ನಾಗಿ ಆಡುತ್ತಿದ್ದನೋ ಇಲ್ಲವೋ, ಈಗ ಆ ಲೆಕ್ಕ ಬೇಡ.

ನೂಲಹುಣ್ಣಿಮೆಗೆ ಸಮುದ್ರಕ್ಕೆ ಕಾಯಿ ಅರ್ಪಿಸಿ ದೋಣಿಗಳು ಹೊರಟವು. ನಾನು ತಾಂಡೇಲನ ದೋಣಿಗೆ ಹತ್ತಿದೆ, ಅಪ್ಪನ ಪಕ್ಕ, ಹಗ್ಗ ಎಳೆಯಲು. ಹೊರಡುವ ಮೊದಲು ಮಾಸ್ತರು ಬಂದರಿಗೆ ಬಂದರು. ಒಂದೇ ತಿಂಗಳಲ್ಲಿ ಕುಗ್ಗಿಹೋಗಿದ್ದರು.

"ಬಾ, ತಮಾ. ಕಾಯಿ ಬಿಚ್ಚಿ ಕೊಡ್ತೆ," ಎಂದರು. "ತಪ್ಪಾತು ನಂದು."

ಆಗ ನಾನು ಇಳಿದು ಹೋಗಬೇಕಿತ್ತು. ಹತ್ತು ನಿಮಿಷದ ದಾರಿ. ದೋಣಿ ಕಾಯುತ್ತಿತ್ತು, ಅಪ್ಪನೂ ಹೋಗು ಎಂದು ಕಣ್ಣು ಸನ್ನೆ ಮಾಡಿದ. ನಾನು ಕೂತಲ್ಲಿಂದ ಏಳದೆ, "ಇರ್ಲಿ ಬಿಡಿ ಮಾಸ್ತರೇ. ಅಲ್ಲೇ ಒಣಗ್ಲಿ," ಎಂದೆ.

ಅವರು ತಿರುಗಿ ಬಲೆಮನೆಯ ಕಡೆ ನಡೆದರು. ಮುಂದಿನ ಮಳೆಗಾಲ ನೋಡಲು ಅವರು ಇರಲಿಲ್ಲ. ಕಟ್ಟಿದವರೇ ಬಿಚ್ಚಬೇಕು ಎಂಬುದು ನಿಯಮ. ಹಾಗಾಗಿ ನನ್ನ ಕಾಯಿ ಅಲ್ಲೇ ಉಳಿಯಿತು. ನಾನು ಮೂರು ವರ್ಷ ದೋಣಿಯಲ್ಲಿ ದುಡಿದು, ವೈರಿಂಗು ಕಲಿತು ಕಾರವಾರ ಸೇರಿದೆ. ಎಲ್ಲಿ ಹೋದರೂ ವಾರಕ್ಕೆ ಮೂರು ಸಂಜೆ ಬಸ್ಸು ಹಿಡಿದು ಇಲ್ಲಿಗೇ ಬರುತ್ತೇನೆ, ಮಕ್ಕಳಿಗೆ ಆಟ ಕಲಿಸಲು. ಮಾಸ್ತರು ನನ್ನನ್ನು ಹಿಡಿದಿಟ್ಟರು ಎಂದು ಎಷ್ಟೋ ವರ್ಷ ಹೇಳಿಕೊಂಡು ತಿರುಗಿದೆ. ಕೊನೆಯ ಗಂಟು ನಾನೇ ಹಾಕಿಕೊಂಡದ್ದು.

ನಿನ್ನೆ ನಮಿತಾ ಮತ್ತೆ ಬಂದಳು. ಏಣಿ ಹಾಕಿ ಹತ್ತಿದೆ. ಅವಳ ಕಾಯಿ ನನ್ನದರ ಪಕ್ಕದಲ್ಲೇ ಇದೆ. ಹೋದ ವರ್ಷ ನಾನೇ ಕಟ್ಟಿದ್ದು. ಈ ಹುಡುಗಿಯ ಹಾಗೆ ಚೆಂಡಿನ ಮುಂದೆ ಹೆದರದೆ ನಿಲ್ಲುವವರನ್ನು ನಾನು ನೋಡಿಲ್ಲ. ಬಲಗಾಲಿಗೆ ಬೂಟು ಹಾಕಗೊಡದೆ ಅವಳಿಗೂ ಒಂದು ಮಳೆಗಾಲ ಕಲಿಸಿದ್ದೇನೆ. ಮುಂದಿನ ವರ್ಷ ನಾವೇ ಹುಡುಗಿಯರ ತಂಡ ಕಟ್ಟಬಹುದು. ಅವಳಿದ್ದರೆ ಕಟ್ಟಬಹುದು. ಅವಳು ನಮ್ಮ ಅಂಗಿಯಲ್ಲಿ ಆಡುವುದನ್ನು ನೋಡಬೇಕೆಂಬ ಆಸೆ ಹೊಟ್ಟೆಯಿಂದ ಎದ್ದು ಬಂತು. ಗಂಟಿನ ಮೇಲೆ ನನ್ನ ಬೆರಳು ನಿಂತುಬಿಟ್ಟಿತು.

"ಒಂದ್ ವರ್ಷ..." ಎಂದಿದ್ದೆ. ಮುಂದಿನ ಮಾತು ಯಾರದೆಂದು ನನಗೆ ಗೊತ್ತಿತ್ತು. ನುಂಗಿಕೊಂಡೆ.

"ಎಂತಾ ಹೇಳಿದ್ರಿ, ದಾದಾ?"

"ಎಂತಾ ಇಲ್ಲ. ಗಂಟು ಬಿಗೀ ಅದೆ."

ಮಳೆಗಾಲದ ಥಂಡಿಗೆ ದಾರ ಬಿಗಿದುಕೊಂಡಿತ್ತು. ಕೊಯ್ಯಬಹುದಿತ್ತು, ಕೊಯ್ಯಲಿಲ್ಲ. ಉಗುರಿನಿಂದ ಮೆಲ್ಲಗೆ ಬಿಡಿಸಿ ಕಾಯಿಯನ್ನು ಕೆಳಗಿಳಿಸಿ ಅವಳ ಕೈಗೆ ಕೊಟ್ಟೆ. ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು.

"ದಾದಾ, ಒಳಗೆ ನೀರದೆ ಇನ್ನೂ!"

"ಅದಕ್ಕೇ ಈಗ ಹೋಗು. ಅಂಕೋಲೆ ಬಸ್ ಬರೂ ಹೊತ್ತಾತು," ಎಂದೆ. "ಭಾವಿಕೇರಿ ಅಂಗಿ ಹಾಕಂಡು ನಮ್ಮ ಮ್ಯಾನೆ ಗೋಲ್ ಹೊಡದ್ರೆ ನೋಡು ಮತ್ತೆ."

"ಹೊಡೀತೆ," ಎಂದು ಕಾಯಿಯನ್ನು ಕಂಕುಳಲ್ಲಿಟ್ಟುಕೊಂಡು ಮಳೆಯಲ್ಲಿ ಓಡಿದಳು.

ನಾನು ಏಣಿಯ ಮೇಲೆಯೇ ಇದ್ದೆ. ಪಕ್ಕದ ಕಾಯಿಯ ಮೇಲೆ ನನ್ನ ಹೆಸರಿನ ಬಣ್ಣ ಹೆಚ್ಚುಕಡಿಮೆ ಉದುರಿಹೋಗಿದೆ, ಮಾಸ್ತರ ಗಂಟು ಮಾತ್ರ ಹಾಗೇ ಇದೆ. ಅದನ್ನು ಕಿವಿಯ ಹತ್ತಿರ ತಂದು ಅಲ್ಲಾಡಿಸಲು ಈ ತನಕ ನನಗೆ ಧೈರ್ಯ ಬಂದಿಲ್ಲ.